ಕೊಹಿಮಾದ ತಾಯಂದಿರು

ನಾಗಾಲ್ಯಾಂಡಿನಲ್ಲಿ 1990ರ ದಶಕದ ಮೊದಲರ್ಧ ಬಹಳ ಕೆಟ್ಟ ಕಾಲ. ಸೇನೆಯೊಂದಿಗಿನ ಕದನ ಒಂದು ಕಡೆ. ಇನ್ನೊಂದು ಕಡೆ, 1988ರಲ್ಲಿ ಸಶಸ್ತ್ರ ನಾಗಾ ಸಂಘಟನೆ ಎನ್‌ಎಸ್‌ಸಿಎನ್ ಎರಡು ಬಣವಾಗಿ ಒಡೆದ ಮೇಲೆ ನಾಗಾಗಳೇ ನಾಗಾಗಳನ್ನು ಕೊಲ್ಲುತ್ತಿದ್ದರು. 1994ರಲ್ಲಿ ‘ಇನ್ನು ರಕ್ತ ಹರಿಸಬೇಡಿ’ ಎಂದು ಹೊರಟವರು ನಾಗಾ ಮದರ್ಸ್ ಅಸೋಸಿಯೇಷನ್ನಿನ ಹೆಂಗಸರು. ಹತ್ತು ವರ್ಷ ಹಿಂದೆ ಕೊಹಿಮಾದಲ್ಲಿ ಸಂಘ ಕಟ್ಟಿದಾಗ ಅವರು ಹೋರಾಡಿದ್ದು ಕುಡಿತ ಮತ್ತು ಮಾದಕವಸ್ತುಗಳ ವಿರುದ್ಧ. ಈಗ ಸಂಘದ ನಾಯಕಿ ನೈಡೊನುವೊ ಅಂಗಾಮಿ ಮತ್ತು ಅವರ ಸಂಗಡಿಗರು ಬಂದೂಕು ಹಿಡಿದವರನ್ನೇ ಹುಡುಕಿಕೊಂಡು ಹೋಗಿ ಮಾತಾಡಿದರು. ಸತ್ತವನು ಯಾವ ಬಣದವನೆಂದು ಕೇಳದೆ ಶವಕ್ಕೆ ಶಾಲು ಹೊದಿಸಿದರು. ಕೇಂದ್ರ ಮತ್ತು ಎನ್‌ಎಸ್‌ಸಿಎನ್‌ನ ಒಂದು ಬಣದ ನಡುವಣ 1997ರ ಕದನವಿರಾಮಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಜನ ಬಾಯಿ ಬಿಡಲು ಹೆದರುತ್ತಿದ್ದಾಗ ಬಾಯಿ ಬಿಟ್ಟವರು ಇವರು.

ಇದಕ್ಕೆ ಹಳೆಯ ಬೇರೂ ಇದೆ. ತಂಗ್‌ಖುಲ್ ನಾಗಾಗಳಲ್ಲಿ ಊರೂರಿಗೆ ಕಾಳಗ ಬಿದ್ದಾಗ ನಡುವೆ ಬಂದು ನಿಲ್ಲುತ್ತಿದ್ದವಳು ಪುಖ್ರೈಲಾ: ಒಂದೂರಲ್ಲಿ ಹುಟ್ಟಿ ಇನ್ನೊಂದೂರಿಗೆ ಮದುವೆಯಾಗಿ ಹೋದವಳು. ಒಂದು ಕಡೆ ಅಣ್ಣತಮ್ಮಂದಿರು, ಇನ್ನೊಂದು ಕಡೆ ಗಂಡ, ಮೈದುನ. ಯಾರೂ ಅವಳ ಮೇಲೆ ಕೈಮಾಡುವಂತಿರಲಿಲ್ಲ. ತವರನ್ನೂ ಗಂಡನ ಮನೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕಾದ ಸಂಕಟ ಏನೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮನ್ನು ಕಾಡುವುದು ಮುಂದಿನ ಕಥೆ. ತಾಯಂದಿರೆಂದು ಕೈಮುಗಿದ ಸಮಾಜವೇ ಅವರು ಅಧಿಕಾರದಲ್ಲಿ ಪಾಲು ಕೇಳಿದಾಗ ಸಿಡಿದೆದ್ದಿತು. 2017ರಲ್ಲಿ ಪುರಸಭೆ, ಪಟ್ಟಣ ಸಭೆಗಳಲ್ಲಿ ಶೇ. 33 ಮಹಿಳಾ ಮೀಸಲಾತಿಯೊಂದಿಗೆ ಚುನಾವಣೆ ನಡೆಸಲು ಸರ್ಕಾರ ಹೊರಟದ್ದೇ ತಡ, ಸಂವಿಧಾನದ 371ಎ ವಿಧಿ ಕಾಯುವ ನಮ್ಮ ಸಂಪ್ರದಾಯಕ್ಕೆ ಇದು ವಿರುದ್ಧ ಎಂದು ಬುಡಕಟ್ಟು ಸಂಘಟನೆಗಳು ಬೀದಿಗಿಳಿದವು. ದಿಮಾಪುರದಲ್ಲಿ ಗೋಲಿಬಾರಿಗೆ ಇಬ್ಬರು ಯುವಕರು ಬಲಿಯಾದರು, ಕೊಹಿಮಾದಲ್ಲಿ ಸರ್ಕಾರಿ ಕಚೇರಿಗಳು ಉರಿದವು, ಚುನಾವಣೆ ನಿಂತಿತು. ಆ ಚುನಾವಣೆ ಕೊನೆಗೂ ನಡೆದದ್ದು 2024ರ ಜೂನ್‌ನಲ್ಲಿ. 1963ರಲ್ಲಿ ರಾಜ್ಯವಾದ ನಾಗಾಲ್ಯಾಂಡಿನ ವಿಧಾನಸಭೆಗೆ ಹೆಣ್ಣೊಬ್ಬಳು ಮೊದಲ ಬಾರಿಗೆ ಗೆದ್ದುಬಂದದ್ದೂ 2023ರಲ್ಲೇ. ಹೆಕಾನಿ ಜಖಾಲು, ಸಲ್ಹೌಟುವೊನುವೊ ಕ್ರುಸೆ ಇಬ್ಬರೂ ಒಟ್ಟಿಗೇ ಗೆದ್ದರು.

ಮಗನ ಪ್ರಾಣಕ್ಕಾಗಿ ಅಂಗಲಾಚುವ ತಾಯಿಯನ್ನು ಎಲ್ಲರೂ ಗೌರವಿಸುತ್ತಾರೆ. ಅದೇ ತಾಯಿ ಜಮೀನಿನ ಹಕ್ಕಿನ ಮಾತೆತ್ತಲಿ, ಅವಳು ತಾಯಿಯಾಗಿ ಉಳಿಯುವುದಿಲ್ಲ, ರಾಜಕೀಯ ಮಾಡುವವಳಾಗುತ್ತಾಳೆ. ನಾಗಾ ರೂಢಿಯ ಕಾನೂನಿನಲ್ಲಿ ಪಿತ್ರಾರ್ಜಿತ ಭೂಮಿ ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಶಾಂತಿ ಒಪ್ಪಂದವೆಂದರೆ ಬಂದೂಕು ಕೆಳಗಿಡುವ ಕಾಗದ ಮಾತ್ರವಲ್ಲ; ನೆಲ ಯಾರದ್ದು, ನ್ಯಾಯ ಹೇಳುವವರು ಯಾರು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

2015ರ ಆಗಸ್ಟ್ 3ರ ನಾಗಾ ಶಾಂತಿಯ ಚೌಕಟ್ಟು ಒಪ್ಪಂದಕ್ಕೆ ಎನ್‌ಎಸ್‌ಸಿಎನ್‌ನ ಅದೇ ಬಣದ ನಾಯಕ ಮುಯಿವಾ ಮತ್ತು ಕೇಂದ್ರದ ಸಂಧಾನಕಾರ ಆರ್. ಎನ್. ರವಿ ಸಹಿ ಹಾಕಿದರು. ಅಂತಿಮ ಒಪ್ಪಂದ ಇನ್ನೂ ಬಾಕಿ ಇದೆ. ಅದನ್ನು ಬರೆಯುವಾಗಲಾದರೂ ಈ ಹೆಂಗಸರು ಹರಸಲು ಬಂದ ಹಿರಿಯರಂತೆ ಬದಿಯಲ್ಲಿ ಕೂರದೆ, ಒಂದೊಂದು ಕಲಮಿನ ಮೇಲೂ ವಾದ ಮಾಡುವಂತಾಗಬೇಕು. ತಮಗೆ ಒಪ್ಪಿಗೆಯಿಲ್ಲದ್ದನ್ನು ತಡೆಯುವ ಅಧಿಕಾರವೂ ಅವರಿಗಿರಬೇಕು.