ಬೆಕ್ಕಿನ ಶುಚಿತ್ವ ಬೆಕ್ಕಿಗಷ್ಟೇ

ಜ್ವರ, ನೆಗಡಿ ಎಂದು ತಾಯಿಯೊಬ್ಬರು ಏಳು ವರ್ಷದ ಮಗನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ನಾಡಿ ನೋಡಲು ಕೈ ಹಿಡಿದಾಗ ಮುಂಗೈ ಮೇಲೆ ಅರಿಶಿನ ಮೆತ್ತಿದ್ದ ಮೂರು ಗೀರುಗಳು ಕಂಡವು. ವಿಚಾರಿಸಿದರೆ, ನಾಲ್ಕು ದಿನದ ಹಿಂದೆ ಹಿತ್ತಲಿಗೆ ಬರುವ ಬೆಕ್ಕು ಪರಚಿ ರಕ್ತ ಬಂದಿತ್ತಂತೆ.

"ಬೆಕ್ಕು ತಾನೇ ಡಾಕ್ಟ್ರೇ? ಯಾವಾಗ ನೋಡಿದ್ರೂ ಮೈ ನೆಕ್ಕಿಕೊಂಡು ಚೊಕ್ಕಟವಾಗಿರುತ್ತೆ. ನಾಯಿ ಆಗಿದ್ರೆ ಅವತ್ತೇ ಬರ್ತಿದ್ದೆ" ಎಂದರು ಆಕೆ.

ಇದು ಆಕೆಯೊಬ್ಬರ ನಂಬಿಕೆಯಲ್ಲ. ಆದ್ದರಿಂದ ಬೆಕ್ಕು ಮೈ ನೆಕ್ಕಿಕೊಳ್ಳುವುದು ಏಕೆಂದು ಮೊದಲು ತಿಳಿಯೋಣ.

ಬೆಕ್ಕಿನ ನಾಲಗೆ ಅರದಂತೆ ಒರಟು. ಅದರ ತುಂಬ ಹಿಮ್ಮುಖವಾಗಿ ಬಾಗಿದ ಸಣ್ಣ ಮುಳ್ಳುಗಳಿವೆ. ಇವುಗಳ ತುದಿ ಟೊಳ್ಳಾಗಿದ್ದು, ಜೊಲ್ಲನ್ನು ಹೀರಿಟ್ಟುಕೊಂಡು ತುಪ್ಪಳದ ಬುಡದವರೆಗೂ ಮುಟ್ಟಿಸುತ್ತವೆ ಎಂದು 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ತೋರಿಸಿದರು. ಸಡಿಲ ಕೂದಲು, ಕೊಳೆ, ಚಿಗಟ ಎಲ್ಲವೂ ಈ ಬಾಚಣಿಗೆಗೆ ಸಿಗುತ್ತವೆ. ನೆಕ್ಕಲು ಆಗದಂತೆ ಕೊರಳಿಗೆ ಪಟ್ಟಿ ಕಟ್ಟಿದ ಬೆಕ್ಕುಗಳಲ್ಲಿ ಮೂರು ವಾರಗಳಲ್ಲಿ ಚಿಗಟಗಳು ಸುಮಾರು ಎರಡರಷ್ಟಿದ್ದವೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಬೇಸಿಗೆಯಲ್ಲಿ ಮೈಮೇಲಿನ ಜೊಲ್ಲು ಆರಿ ತಂಪೂ ಆಗುತ್ತದೆ.

ತಾಯಿಬೆಕ್ಕು ಮರಿಗಳನ್ನು ನೆಕ್ಕುವುದು ಬರೀ ಮುದ್ದಿಗಲ್ಲ. ಹಾಗೆ ನೆಕ್ಕಿದರೇ ಎಳೆಮರಿಗಳು ಮಲಮೂತ್ರ ವಿಸರ್ಜಿಸುವುದು. ದೊಡ್ಡ ಬೆಕ್ಕುಗಳು ಪರಸ್ಪರ ತಲೆ, ಕುತ್ತಿಗೆ ನೆಕ್ಕುವುದು ಒಡನಾಟದ ಗುರುತು. ಸಾಕಿದವರ ಕೈಯನ್ನೂ ಅದು ಹಾಗೆಯೇ ನೆಕ್ಕುತ್ತದೆ.

ಇದೆಲ್ಲ ಬೆಕ್ಕಿನ ಮಟ್ಟಿಗೆ ಶುಚಿತ್ವವೇ. ಆದರೆ ನಮ್ಮ ಲೆಕ್ಕದಲ್ಲಿ, ನೆಕ್ಕಿಕೊಂಡ ಬೆಕ್ಕೆಂದರೆ ಮೈಗೆಲ್ಲ ಜೊಲ್ಲು ಬಳಿದುಕೊಂಡ ಬೆಕ್ಕು. ಬೆಕ್ಕಿನ ಕೂದಲಿನಿಂದ ಉಬ್ಬಸ ಬರುತ್ತದೆ ಎನ್ನುತ್ತೇವಲ್ಲ, ನಿಜವಾದ ಅಪರಾಧಿ ಕೂದಲಲ್ಲ. ಜೊಲ್ಲಿನಲ್ಲೂ ಚರ್ಮದ ಗ್ರಂಥಿಗಳಲ್ಲೂ ಇರುವ ಒಂದು ಪ್ರೋಟೀನು.

ಇದಕ್ಕಿಂತ ಮುಖ್ಯವಾದುದು ಪಂಜ. ಬೆಕ್ಕು ಪಂಜವನ್ನೂ ನೆಕ್ಕುತ್ತದೆ. ರೇಬೀಸ್ ವೈರಸ್ ಇರುವುದು ಜೊಲ್ಲಿನಲ್ಲಿ. ನಮ್ಮ ದೇಶದಲ್ಲಿ ಈ ರೋಗ ಹೆಚ್ಚಾಗಿ ನಾಯಿಯಿಂದ ಬರುತ್ತದೆ ನಿಜ. ಆದರೆ ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ವೈದ್ಯರೂ ಉಳಿಸಲಾರರೆಂದೇ ಹೇಳಬೇಕು. ಹಾಗಾಗಿ ರಕ್ತ ಬರುವಂತೆ ಬೆಕ್ಕು ಪರಚಿದರೂ, ಕಚ್ಚಿದರೂ, ತೆರೆದ ಗಾಯವನ್ನು ನೆಕ್ಕಿದರೂ ನಾಯಿ ಕಚ್ಚಿದಷ್ಟೇ ಗಂಭೀರವೆಂದು ತಿಳಿಯಬೇಕು.

ಆಗ ಮಾಡಬೇಕಾದುದು ಇಷ್ಟು. ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಅಂದೇ ವೈದ್ಯರನ್ನು ಕಾಣಿರಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆ ನಿಂತು ಎಷ್ಟೋ ಕಾಲವಾಯಿತು. ಈಗ ತೋಳಿಗೆ, ಚರ್ಮದೊಳಗೆ ಕೊಡುವುದಾದರೆ 0, 3, 7 ಮತ್ತು 28ನೇ ದಿನ. ತಡವಾಯಿತೆಂದು ಬಿಡಬೇಡಿ; ತಡವಾದರೂ ಹಾಕಿಸಿಕೊಳ್ಳಲೇಬೇಕು. ಬೆಕ್ಕು ಹತ್ತು ದಿನ ಕಣ್ಣೆದುರಿಗೇ ಆರೋಗ್ಯವಾಗಿದ್ದರೆ ಮುಂದಿನ ಚುಚ್ಚುಮದ್ದುಗಳ ವಿಷಯ ವೈದ್ಯರು ನಿರ್ಧರಿಸುತ್ತಾರೆ. ಆದರೆ ಅದಕ್ಕಾಗಿ ಕಾಯುತ್ತ ಕೂರಬಾರದು.

ಆ ಬೆಕ್ಕು ಮತ್ತೆ ಹಿತ್ತಲಿಗೆ ಬರಲಿಲ್ಲ. ಅದಕ್ಕೆ ರೋಗವಿತ್ತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಹುಡುಗನಿಗೆ ಅಂದೇ ಚಿಕಿತ್ಸೆ ಆರಂಭಿಸಿ, ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಿದೆವು. ಈಗ ಚೆನ್ನಾಗಿದ್ದಾನೆ. ನೆಗಡಿ ಬಾರದೆ ಇದ್ದಿದ್ದರೆ ಅವರು ನನ್ನ ಬಳಿ ಬರುತ್ತಲೇ ಇರಲಿಲ್ಲ ಎಂಬುದೇ ನನ್ನನ್ನು ಕಾಡುವ ಮಾತು.

ಬೆಕ್ಕನ್ನು ಸಾಕಬೇಡಿ ಎನ್ನುತ್ತಿಲ್ಲ. ಸಾಕಿರಿ, ಅದಕ್ಕೂ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿರಿ. ಅದರ ಮೈಯನ್ನು ಅದು ನೆಕ್ಕಿಕೊಳ್ಳಲಿ; ನಮ್ಮ ಗಾಯವನ್ನು ನಾವು ಸೋಪಿನಿಂದಲೇ ತೊಳೆಯೋಣ.