ಮಕ್ಕಳಿಗೆ ರಾಗಿ ಮಾಲ್ಟ್ ಸರಿ, ಅಮ್ಮನ ಮೂಳೆಗೆ?

ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇತ್ತು; 2024ರ ಫೆಬ್ರವರಿಯಲ್ಲಿ ಅದಕ್ಕೆ ರಾಗಿ ಮಾಲ್ಟೂ ಸೇರಿತು. ಒಳ್ಳೆಯದೇ ಆಯ್ತು. ಮೂಳೆ ಬಲಿಯುವ ವಯಸ್ಸು ಅದು. ಆದರೆ ಆ ಮಗುವಿನ ಅಮ್ಮನ ಲೋಟದಲ್ಲಿ ಏನಿದೆ? ಹಾಲು ಮಕ್ಕಳಿಗೆ, ಗಟ್ಟಿ ಮೊಸರು ಯಜಮಾನರಿಗೆ, ನಮಗೆ ತಿಳಿ ಮಜ್ಜಿಗೆ. ಹೌದು ತಾನೇ?

ಸುಮಾರು ಮೂವತ್ತರವರೆಗೆ ಮೂಳೆ ಗಟ್ಟಿಯಾಗುತ್ತಾ ಹೋಗುತ್ತದೆ. ಮುಟ್ಟು ನಿಂತಾಗ ಈಸ್ಟ್ರೋಜೆನ್ ಇಳಿಯುತ್ತದೆ, ಮೊದಲ ಕೆಲವು ವರ್ಷ ಸವೆತ ಜೋರು. ನೋವಿಲ್ಲ, ಸುಳಿವಿಲ್ಲ. ಎಷ್ಟೋ ಮಂದಿಗೆ ಬಚ್ಚಲಲ್ಲಿ ಜಾರಿ ಕೈ ಮುರಿದಾಗಲೇ ಗೊತ್ತಾಗೋದು.

ಐಸಿಎಂಆರ್‌ನ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. 100 ಗ್ರಾಂ ರಾಗಿಯಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ 300ರಷ್ಟು ಸಿಗುತ್ತದೆ. ಜೊತೆಗೆ ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ ಇರಲಿ. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಹಾಗಾಗಿ ಬಿಸಿಲಿಗೂ ಬನ್ನಿ. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಮಾಡುವ ಪರೀಕ್ಷೆ ಸುಳಿವಷ್ಟೇ. ಚೀಟಿ ನೋಡಿ ಗಾಬರಿಯಾಗಬೇಡಿ, ನಿರಾಳವಾಗಿಯೂ ಕೂರಬೇಡಿ. ಖಚಿತವಾಗಬೇಕೆಂದರೆ ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ ಆಗಬೇಕು. 45ಕ್ಕೂ ಮೊದಲೇ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು, ತಾಯಿಗೋ ತಂದೆಗೋ ಸೊಂಟದ ಮೂಳೆ ಮುರಿದಿದ್ದವರು ವೈದ್ಯರನ್ನು ತಪ್ಪದೆ ಕೇಳಿ. ಕ್ಯಾಲ್ಸಿಯಂ ಮಾತ್ರೆಯೂ ಅವರು ಹೇಳಿದರೆ ಮಾತ್ರ.

ಸರ್ಕಾರದ ಯೋಜನೆ ಶಾಲೆಯ ಮಕ್ಕಳಿಗೆ. ಮನೆಯೊಳಗಿನ ಪಾಲನ್ನು ನಾವೇ ಸರಿಮಾಡಿಕೊಳ್ಳಬೇಕು. ನಾಳೆ ಮಗುವಿಗೆ ಹಾಲು ಬಗ್ಗಿಸುವಾಗ ಪಕ್ಕದಲ್ಲಿ ನಿಮ್ಮ ಲೋಟವನ್ನೂ ಇಡಿ.