ಪಾಸಾದ ಮಕ್ಕಳಿಗೆ ಓದಲು ಬಾರದೇಕೆ?



ವರ್ಷ ವರ್ಷವೂ ಪರೀಕ್ಷೆಯ ಫಲಿತಾಂಶ ಬಂದೊಡನೆ ಶಾಲೆಯ ಗೇಟಿನ ಮೇಲೆ ಬ್ಯಾನರು ಏರುತ್ತದೆ. ನೂರಕ್ಕೆ ತೊಂಬತ್ತೆಂಟು, ನೂರಕ್ಕೆ ನೂರು! ಹಾರ ಬೀಳುತ್ತದೆ, ಶಾಲು ಹೊದಿಸಲಾಗುತ್ತದೆ, ಅಧ್ಯಕ್ಷರ ಭಾಷಣವಾಗುತ್ತದೆ. ಒಳ್ಳೆಯದೇ. ಆದರೆ ಅಂತಹ ಶಾಲೆಯ ಏಳನೆಯ ಇಯತ್ತೆಯ ಹುಡುಗನೊಬ್ಬನನ್ನು ಹತ್ತಿರ ಕರೆದು, ಈ ಪತ್ರಿಕೆಯ ಒಂದು ಪ್ಯಾರಾ ಓದು ಎಂದು ಕೊಡಿ ನೋಡೋಣ. ‘ಕಮಲ’ ಎಂದರೆ ಓದಿಯಾನು. ‘ಕರ್ಮಚಾರಿ’ ಎಂಬಲ್ಲಿ ಅರ್ಕಾವತ್ತು ಕಂಡೊಡನೆ ನಿಲ್ಲುತ್ತಾನೆ. ‘ಸ್ವಾತಂತ್ರ್ಯ’ ಎಂಬಲ್ಲಿಗೆ ಬಂದಾಗ ಮುಖ ಕೆಳಗೆ ಹಾಕುತ್ತಾನೆ. ಇಂತಹ ಹುಡುಗರು ಒಬ್ಬಿಬ್ಬರಲ್ಲ. ಇವರೆಲ್ಲ ಪಾಸಾದವರೇ.

ಹಾಗಾದರೆ ಪಾಸಾದದ್ದು ಯಾರು? ಹುಡುಗನೋ, ಬ್ಯಾನರೋ?

ಇದು ಮುಂಬಯಿಯ ನಮ್ಮ ಮಕ್ಕಳದೊಂದೇ ಪಾಡಲ್ಲ. ನಾವು ಬಿಟ್ಟು ಬಂದ ಹಳ್ಳಿಗಳಲ್ಲೂ ಇದೇ ಅವಸ್ಥೆ. ದೇಶದ ಹಳ್ಳಿ ಹಳ್ಳಿಗಳಲ್ಲಿ ಮನೆ ಬಾಗಿಲಿಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದಿಸಿ ನೋಡುವ ‘ಅಸರ್’ ಎಂಬ ತನಿಖೆ 2005ರಿಂದ ನಡೆಯುತ್ತ ಬಂದಿದೆ. 2024ರ ತನಿಖೆಯಲ್ಲಿ ಸರಕಾರಿ ಶಾಲೆಯ ಐದನೆಯ ಇಯತ್ತೆಯ ಮಕ್ಕಳಲ್ಲಿ ಎರಡನೆಯ ಇಯತ್ತೆಯ ಪಾಠ ಓದಬಲ್ಲವರು ನೂರಕ್ಕೆ ಸುಮಾರು 45 ಮಂದಿ ಮಾತ್ರ. ಖಾಸಗಿ ಶಾಲೆಗಳನ್ನೂ ಸೇರಿಸಿ ನೋಡಿದರೆ ಐದನೆಯ ಇಯತ್ತೆಯಲ್ಲಿ ಸಾದಾ ಭಾಗಾಕಾರ ಮಾಡಬಲ್ಲವರು ನೂರಕ್ಕೆ 31ರಷ್ಟು. ಇವರಲ್ಲಿ ಎಷ್ಟೋ ಹುಡುಗರು ನಾಳೆ ರೈಲು ಹತ್ತಿ ನಮ್ಮ ಹೊಟೇಲುಗಳಿಗೇ ಬರುವವರು.

ತಲೆ ಮಂದವೆಂಬ ಸುಳ್ಳು

ಈ ಮಾತೆತ್ತಿದರೆ ಕೆಲವು ದೊಡ್ಡವರು ಮೂರು ಸಿದ್ಧ ಉತ್ತರಗಳನ್ನು ಜೇಬಿನಿಂದ ತೆಗೆಯುತ್ತಾರೆ. ಮೊದಲನೆಯದು: “ಕೂಲಿಕಾರರ ಮಕ್ಕಳು, ತಲೆಗೆ ಹತ್ತುವುದಿಲ್ಲ.”

ತಲೆಗೆ ಹತ್ತುವುದಿಲ್ಲವೆ? ಮಧ್ಯಾಹ್ನದ ಗರ್ದಿಯಲ್ಲಿ ನಮ್ಮ ಮಾಣಿಯನ್ನು ನೋಡಿ. ನಾಲ್ಕು ಟೇಬಲಿನ ಆರ್ಡರು ಅವನ ತಲೆಯಲ್ಲಿದೆ. 40ರಂತೆ ಎರಡು ಪ್ಲೇಟು ಇಡ್ಲಿ, 75ರ ಒಂದು ಮಸಾಲೆ, 20ರಂತೆ ಮೂರು ಚಹಾ. ಒಟ್ಟು 215. ಗಿರಾಕಿ 500ರ ನೋಟು ಕೊಟ್ಟರೆ 285 ಹಿಂತಿರುಗಿಸಬೇಕೆಂದು ಕಾಗದವಿಲ್ಲದೆ ಹೇಳುತ್ತಾನೆ. ತಪ್ಪುವುದಿಲ್ಲ, ಏಕೆಂದರೆ ತಪ್ಪಿದರೆ ಪಗಾರದಿಂದ ಹೋಗುತ್ತದೆ. ಅದೇ ಹುಡುಗನಿಗೆ ರಾತ್ರಿ ಶಾಲೆಯಲ್ಲಿ 500ರಲ್ಲಿ 215 ಕಳೆ ಎಂದು ಕರಿಹಲಗೆಯ ಮೇಲೆ ಬರೆದುಕೊಡಿ. 315 ಎಂದು ಬರೆಯುತ್ತಾನೆ! ಸೊನ್ನೆಯಲ್ಲಿ ಐದು ಹೋಗದೆಂದು ಐದರಲ್ಲೇ ಸೊನ್ನೆ ಕಳೆದು ಐದು ಬರೆದ, ಒಂದರಲ್ಲಿ ಸೊನ್ನೆ ಕಳೆದು ಒಂದು ಬರೆದ, ಐದರಲ್ಲಿ ಎರಡು ಕಳೆದು ಮೂರು ಬರೆದ. ಮಾಸ್ತರರು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಮುಂದಿನ ಬೆಂಚಿಗೆ ಹೋದರು. ಹುಡುಗ ತಾನು ದಡ್ಡನೆಂದು ನಂಬಿದ.

ಇದನ್ನು ಪಂಡಿತರೂ ಪರೀಕ್ಷಿಸಿ ನೋಡಿದ್ದಾರೆ. ಬ್ರೆಜಿಲ್ ದೇಶದ ರೆಸೀಫೆ ಎಂಬ ಪಟ್ಟಣದಲ್ಲಿ ಬೀದಿಯಲ್ಲಿ ಮಾರುವ ಐದು ಮಕ್ಕಳ ಲೆಕ್ಕವನ್ನು ಮೂವರು ವಿದ್ವಾಂಸರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ಮಾತಿನಲ್ಲಿ ಕೇಳಿದಾಗ ನೂರಕ್ಕೆ 98 ಉತ್ತರಗಳು ಸರಿ. ಅಂತಹ ಲೆಕ್ಕಗಳನ್ನೇ ಬರಿಯ ಅಂಕೆಗಳಲ್ಲಿ ಬರೆದುಕೊಟ್ಟಾಗ ನೂರಕ್ಕೆ 37 ಮಾತ್ರ ಸರಿ. ಹನ್ನೆರಡು ವರ್ಷದ ಹುಡುಗನೊಬ್ಬ 35ರಂತೆ ಹತ್ತು ತೆಂಗಿನಕಾಯಿಯ ಬೆಲೆಯನ್ನು ಮೂರು ಮೂರು ಕಾಯಿಗಳಾಗಿ ಕೂಡಿಸಿ ಹೇಳಿದ: 105, 210, 315, ಮೇಲೊಂದು ಸೇರಿ 350. ಹತ್ತರಿಂದ ಗುಣಿಸಲು ಒಂದು ಸೊನ್ನೆ ಸೇರಿಸಿದರೆ ಸಾಕೆಂಬ ಶಾಲೆಯ ಉಪಾಯ ಅವನ ಉಪಯೋಗಕ್ಕೆ ಬಂದಿರಲಿಲ್ಲ. ನಮ್ಮ ದೇಶದಲ್ಲೇ ಕಲ್ಕತ್ತಾ, ದಿಲ್ಲಿಯ ಬಜಾರುಗಳಲ್ಲಿ ದುಡಿಯುವ ಸಾವಿರಕ್ಕೂ ಮಿಕ್ಕಿದ ಮಕ್ಕಳನ್ನು ನೋಡಿ 2025ರಲ್ಲಿ ಪ್ರಕಟವಾದ ಶೋಧನೆ ಇದನ್ನೇ ಸಾರಿತು. ಬಜಾರಿನ ಮಕ್ಕಳಿಗೆ ಪುಸ್ತಕದ ಲೆಕ್ಕ ಬರಲಿಲ್ಲ. ಇನ್ನೊಂದು ಮಾತನ್ನೂ ಕೇಳಿ: ಶಾಲೆಯ ಮಕ್ಕಳಿಗೆ ಬಜಾರಿನ ಲೆಕ್ಕ ಬರಲಿಲ್ಲ!

ಇಲ್ಲಿ ಮಂದವಾದದ್ದು ತಲೆಯಲ್ಲ. ಹುಡುಗನಿಗೆ ಗೊತ್ತಿರುವುದಕ್ಕೂ ಪುಸ್ತಕದಲ್ಲಿರುವುದಕ್ಕೂ ನಡುವೆ ಸೇತುವೆ ಕಟ್ಟುವವರಿಲ್ಲ. ಅದೇ 500ರಲ್ಲಿ 215ನ್ನು ಹೀಗೆ ಹೇಳಿಕೊಡಿ: “ನೂರರ ಐದು ನೋಟಿವೆ. ಒಂದನ್ನು ಹತ್ತರ ನೋಟುಗಳಾಗಿ ಚಿಲ್ಲರೆ ಮಾಡಿಸು. ಹತ್ತರ ಒಂದನ್ನು ಮತ್ತೆ ರೂಪಾಯಿಗಳಾಗಿ ಚಿಲ್ಲರೆ ಮಾಡಿಸು. ಈಗ ನಾಲ್ಕು ನೂರು, ಒಂಬತ್ತು ಹತ್ತು, ಹತ್ತು ರೂಪಾಯಿ. ಇನ್ನು ಕಳೆ.” ದಶಕ ತೆಗೆದುಕೊಳ್ಳುವುದೆಂದರೆ ಗಲ್ಲೆಯಲ್ಲಿ ಚಿಲ್ಲರೆ ಮಾಡಿಸುವುದು ಎಂದು ತಿಳಿದ ಹುಡುಗ 285 ಬರೆಯದೆ ಇರನು.

ಫೇಲು ಮಾಡಿದರೆ ಕಲಿಯುತ್ತಾರೆಯೆ?

ಎರಡನೆಯ ಉತ್ತರ: “ಫೇಲಾಗುವ ಭಯ ಹೋಯಿತು, ಅದಕ್ಕೇ ಕಲಿಯುವುದಿಲ್ಲ.” 2010ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ಎಂಟನೆಯ ಇಯತ್ತೆಯ ವರೆಗೆ ಮಕ್ಕಳನ್ನು ಹಿಂದೆ ನಿಲ್ಲಿಸಕೂಡದೆಂದಿತ್ತು. 2019ರಲ್ಲಿ ತಿದ್ದುಪಡಿಯಾಗಿ, ಐದನೆಯ ಮತ್ತು ಎಂಟನೆಯ ಇಯತ್ತೆಗಳಲ್ಲಿ ನಿಲ್ಲಿಸುವ ಅಧಿಕಾರ ಸರಕಾರಗಳಿಗೆ ಸಿಕ್ಕಿತು. ಇದರಿಂದ ಏನಾಯಿತು? ಓದಲು ಬಾರದ ಹುಡುಗನನ್ನು ಅದೇ ಬೆಂಚಿನಲ್ಲಿ ಕೂಡಿಸಿ, ಕಳೆದ ವರ್ಷ ತಿಳಿಯದ ಪಾಠವನ್ನೇ ಈ ವರ್ಷವೂ ಅದೇ ರೀತಿ ಒಪ್ಪಿಸಿದರೆ ಅವನಿಗೆ ಹೇಗೆ ತಿಳಿದೀತು? ಸೀದ ದೋಸೆಯನ್ನು ಮತ್ತೆ ಅದೇ ಕಾವಲಿಗೆ ಹಾಕಿದರೆ ಹದವಾದೀತೆ? ಹಾಗೆಂದು ಏನೂ ಕಲಿಸದೆ ಮುಂದೆ ನೂಕುವುದೂ ಉಪಕಾರವಲ್ಲ. ನೂಕುವುದು, ನಿಲ್ಲಿಸುವುದು ಎರಡೂ ಸುಲಭ. ಕಲಿಸುವುದು ಕಷ್ಟ. ಆ ಕಷ್ಟದಿಂದ ತಪ್ಪಿಸಿಕೊಳ್ಳುವುದಕ್ಕೆ ಈ ವಾದವೆಲ್ಲ.

ಮೂರನೆಯದನ್ನು ನಮ್ಮವರೇ ಹೇಳುತ್ತಾರೆ: “ಇಂಗ್ಲಿಷ್ ಶಾಲೆಗೆ ಹಾಕಿದರೆ ಎಲ್ಲ ಸರಿಯಾಗುತ್ತದೆ.” ಅಣ್ಣಂದಿರೇ, ಮನೆಯಲ್ಲಿ ತುಳುವೋ ಕುಂದಾಪುರದ ಕನ್ನಡವೋ, ಬೀದಿಯಲ್ಲಿ ಹಿಂದಿ, ಕಚೇರಿಯಲ್ಲಿ ಮರಾಠಿ. ಇಷ್ಟರ ನಡುವೆ ಬೆಳೆಯುವ ಮಗು ಯಾವುದಾದರೂ ಒಂದು ಲಿಪಿಯಲ್ಲಿ ಗಟ್ಟಿಯಾಗಿ ಓದಲು ಕಲಿಯಲಿ, ಅಲ್ಲಿಂದ ಮುಂದಿನ ಭಾಷೆಗೆ ದಾರಿಯಾಗುತ್ತದೆ. ಯಾವುದರಲ್ಲೂ ಓದಲು ಬಾರದವನಿಗೆ ಟೈ ಕಟ್ಟಿದರೆ ಓದು ಬಂದುಬಿಡುವುದೆ? ಇಂಗ್ಲಿಷ್ ಬೇಡವೆಂದು ಯಾರು ಹೇಳಿದರು? ಬೇಕು. ಆದರೆ ಪಾಯವಿಲ್ಲದೆ ಮಾಳಿಗೆ ಏರುವುದಿಲ್ಲ.

ಮುಂಬಯಿಯೇ ತೋರಿಸಿದ ದಾರಿ

ದಾರಿಯಿಲ್ಲವೆ? ಇದೆ. ಅದು ವಿಲಾಯತಿಯಿಂದ ಬರಬೇಕಾಗಿಲ್ಲ, ಇದೇ ಮುಂಬಯಿಯ ಮುನಸಿಪಾಲಿಟಿ ಶಾಲೆಗಳಲ್ಲಿ ನಡೆದು ತೋರಿಸಿದ್ದು. ‘ಪ್ರಥಮ್’ ಎಂಬ ಸಂಸ್ಥೆ ಕೊಳೆಗೇರಿಗಳ ಪರಿಸರದಿಂದಲೇ ತರುಣಿಯರನ್ನು ಆರಿಸಿತು. ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದವರು. ಎರಡು ವಾರದ ತರಬೇತಿ ಕೊಟ್ಟು ‘ಬಾಲಸಖಿ’ ಎಂದು ಶಾಲೆಗೆ ಕಳಿಸಿತು. ಮೂರನೆಯ, ನಾಲ್ಕನೆಯ ಇಯತ್ತೆಯಲ್ಲಿ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ಅವಳು ದಿನಕ್ಕೆ ಎರಡು ತಾಸು ಬೇರೆ ಕೂಡಿಸಿ ಅಕ್ಷರ, ಕಾಗುಣಿತ, ಕೂಡು, ಕಳೆ ಎಂದು ಮೊದಲಿನಿಂದ ಹೇಳಿಕೊಡುತ್ತಿದ್ದಳು. ಮುಂಬಯಿ, ಬಡೋದೆಗಳಲ್ಲಿ 2001ರಿಂದ 2003ರ ವರೆಗೆ ಇದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ತೂಗಿ ನೋಡಿದರು. ಈ ಇಬ್ಬರಿಗೇ ಮುಂದೆ 2019ರಲ್ಲಿ ಇನ್ನೊಬ್ಬರೊಡನೆ ನೊಬೆಲ್ ಬಹುಮಾನ ಬಂತು. ಬಾಲಸಖಿಯಿದ್ದ ಶಾಲೆಗಳ ಮಕ್ಕಳು ಮುಂದೆ ಬಂದರು. ಎಲ್ಲರಿಗಿಂತ ಹಿಂದೆ ಇದ್ದವರೇ ಎಲ್ಲರಿಗಿಂತ ಹೆಚ್ಚು ಮುಂದೆ ಬಂದರು! ತಲೆಗೆ ಹತ್ತುವುದಿಲ್ಲ ಎಂದವರು ಈಗ ಏನೆನ್ನುತ್ತಾರೆ?

ಇದರ ಗುಟ್ಟೇನು? ಹುಡುಗ ಯಾವ ಇಯತ್ತೆಯಲ್ಲಿದ್ದಾನೆಂದು ನೋಡಲಿಲ್ಲ, ಅವನಿಗೆ ಎಷ್ಟು ಬರುತ್ತದೆಂದು ನೋಡಿದರು. ಬರುವಲ್ಲಿಂದ ಮುಂದೆ ಕಲಿಸಿದರು. ಅಷ್ಟೇ.

ಆದರೆ ಇದಕ್ಕೆ ಬೇರೆಯೇ ಒಂದು ವೇಳೆ ಬೇಕು. ಬಿಹಾರ, ಉತ್ತರಾಖಂಡಗಳಲ್ಲಿ ಮಾಸ್ತರರಿಗೆ ಹೊಸ ಪುಸ್ತಕ, ತರಬೇತಿ ಕೊಟ್ಟು ಸುಮ್ಮನಾದಲ್ಲಿ ಫಲ ಕಾಣಲಿಲ್ಲ, ಏಕೆಂದರೆ ಮಾಸ್ತರರು ಮತ್ತೆ ಹಳೆಯ ಪಾಠ ಮುಗಿಸುವ ಓಟಕ್ಕೇ ಬಿದ್ದರು. ಹರಿಯಾಣದಲ್ಲಿ 2012-13ರಲ್ಲಿ ದಿನಕ್ಕೊಂದು ತಾಸನ್ನು ಇದಕ್ಕಾಗಿಯೇ ಬೇರ್ಪಡಿಸಿ, ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿದಾಗ ಓದು ಸುಧಾರಿಸಿತು. ಇನ್ನೊಂದು ಎಚ್ಚರಿಕೆ: ಬಾಲಸಖಿ ನಿಂತ ಒಂದು ವರ್ಷದ ಮೇಲೆ ನೋಡಿದರೆ ಗಳಿಸಿದ್ದರಲ್ಲಿ ಬಹಳಷ್ಟು ಕರಗಿತ್ತು. ಆದುದರಿಂದ ಒಂದು ದಿನದ ಶಿಬಿರ, ನಾಲ್ಕು ಫೋಟೋ, ಪತ್ರಿಕೆಯಲ್ಲೊಂದು ವರದಿ ಇದರಿಂದ ಏನೂ ಆಗದು. ಒಲೆ ಆರಿದರೆ ಹಿಟ್ಟು ಬೇಯುವುದಿಲ್ಲ.

ಸರಕಾರವೂ ಸುಮ್ಮನಿಲ್ಲ ಎನ್ನುತ್ತಾರೆ. 2021ರ ಜುಲೈ 5ರಂದು ‘ನಿಪುಣ್ ಭಾರತ್’ ಎಂದು ಸಾರಿ, 2026-27ರೊಳಗೆ ಮೂರನೆಯ ಇಯತ್ತೆ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರಬೇಕೆಂದು ಗುರಿ ಇಟ್ಟರು. ಗುರಿ ಒಳ್ಳೆಯದು. ಆದರೆ ಮೂರನೆಯದನ್ನು ಎಂದೋ ದಾಟಿಬಂದು ಓದಲು ಬಾರದೆ ಕುಳಿತಿರುವ ಏಳನೆಯ ಇಯತ್ತೆಯ ಹುಡುಗ ಆ ಲೆಕ್ಕದಲ್ಲಿ ಎಲ್ಲಿದ್ದಾನೆ? ಅವನನ್ನು ಕಾಯುವವರು ನಾವೇ.

ಇದು ಸಂಘದ ಕೆಲಸ ಹೌದೋ ಅಲ್ಲವೋ?

“ಸಂಘಕ್ಕೆ ಪಗಾರದ ಕೆಲಸ, ಶಾಲೆಯ ಗೊಡವೆ ಏಕೆ?” ಎಂದು ಕೇಳುವವರುಂಟು. ಅವರಿಗೆ ನನ್ನ ಉತ್ತರ ಇದು. ನಾನು ಹಿಂದೆ ದುಡಿದ ಒಂದು ಹೊಟೇಲಿನಲ್ಲಿ ತಿಂಗಳ ಕೊನೆಗೆ ವೌಚರಿಗೆ ಸಹಿ ಹಾಕಿಸುತ್ತಿದ್ದರು. ಹಾಕುವವರು ಹತ್ತು ಜನ, ಓದಿ ಹಾಕುವವರು ಇಬ್ಬರು. ವೌಚರಿನಲ್ಲಿ ಇದ್ದುದು ಒಂದು ಮೊತ್ತ, ಕೈಗೆ ಬಂದುದು ಇನ್ನೊಂದು. ಸಹಿ ಮಾಡಲು ಎಂಟು ಜನರಿಗೂ ಶಾಲೆ ಕಲಿಸಿತ್ತು, ಓದಲು ಕಲಿಸಿರಲಿಲ್ಲ.

ಪ್ರಾವಿಡೆಂಟ್ ಫಂಡಿಗೆ ನೂರಕ್ಕೆ 12ರಂತೆ ಹಿಡಿಯುತ್ತಾರೆ. 15,000ಕ್ಕೆ 1,800. ವರ್ಷಕ್ಕೆ 21,600. ಮಾಲಿಕರ ಪಾಲು ಬೇರೆ. ಇದು ಖಾತೆಗೆ ಬಂತೋ ಇಲ್ಲವೋ ಎಂದು ನೋಡಲು ಶೇಕಡಾ ಲೆಕ್ಕ ಬರಬೇಕು. ಓವರ್‌ಟೈಮಿಗೆ ದುಪ್ಪಟ್ಟು ಮಜೂರಿ ಎಂಬ ಕಾನೂನಿದೆ. ತಾಸಿನ ಮಜೂರಿ ತೆಗೆಯಲು ಭಾಗಾಕಾರ ಬರಬೇಕು. ಗಿರಣಿಯ ಅಣ್ಣಂದಿರನ್ನು ಕೇಳಿ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಲೆಕ್ಕ ಚುಕ್ತಾ ಮಾಡುವ ಕಾಗದಗಳು, ಮುಂದೆ ಮ್ಹಾಡಾ ಮನೆಯ ಅರ್ಜಿಗಳು, ಇವನ್ನೆಲ್ಲ ಓದಿಸಿಕೊಳ್ಳಲು ಎಷ್ಟು ಜನ ಯಾರು ಯಾರ ಬಾಗಿಲು ಕಾಯಬೇಕಾಯಿತು? ಓದಲು ಬಾರದವನ ಹಕ್ಕು ಓದಬಲ್ಲವನ ಮುಷ್ಟಿಯಲ್ಲಿ. ಇದು ಪಗಾರದ ಪ್ರಶ್ನೆಯಲ್ಲದೆ ಮತ್ತೇನು?

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮೊಗವೀರರು, ಬಿಲ್ಲವರು ಮೊದಲಾದ ನಮ್ಮ ಜನರ ಸಂಘಗಳು ಈ ಊರಿನಲ್ಲಿ ರಾತ್ರಿ ಶಾಲೆಗಳನ್ನು ತೆರೆದವು. ಹಗಲು ತಾಟು ತೊಳೆದವರು ರಾತ್ರಿ ಸ್ಲೇಟು ಹಿಡಿದರು. ಅಲ್ಲಿಂದ ಗುಮಾಸ್ತರು, ವಕೀಲರು ಹೊರಟರು. ಇಂದು ಅನೇಕ ಕಡೆ ಆ ದೀಪಗಳು ಆರಿವೆ. ಸಭಾಗೃಹಗಳ ದೀಪಗಳು ಮಾತ್ರ ಝಗಝಗಿಸುತ್ತಿವೆ!

ನಮ್ಮ ಬೇಡಿಕೆ

ಶಾಲೆಯವರಿಗೆ: ದಿನಕ್ಕೊಂದು ತಾಸು ಓದು, ಬರಹ, ಲೆಕ್ಕಕ್ಕೇ ಮೀಸಲಿಡಿ. ಆ ತಾಸಿನಲ್ಲಿ ಇಯತ್ತೆಯ ಗೋಡೆ ತೆಗೆಯಿರಿ. ಒತ್ತಕ್ಷರ ಬಾರದ ಎಂಟನೆಯವನೂ ಐದನೆಯವನೂ ಒಂದೇ ಗುಂಪಿನಲ್ಲಿ ಕೂಡಲಿ, ನಾಚಿಕೆಯಿಲ್ಲ. ಬರಹವೆಂದರೆ ಕರಿಹಲಗೆಯ ನಕಲಲ್ಲ. ಊರಿಗೊಂದು ಕಾಗದ, ರಜೆಗೊಂದು ಅರ್ಜಿ, ತನ್ನ ಮಾತಿನಲ್ಲಿ ಪ್ರತಿ ವಾರ ಬರೆಯಿಸಿ. ಮೂರು ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಓದಿಸಿ, ಎಷ್ಟು ಜನರಿಗೆ ಬಂತು, ಎಷ್ಟು ಜನರಿಗೆ ಬಂದಿಲ್ಲ ಎಂದು ಗೇಟಿನ ಮೇಲೆ ಬರೆಯಿರಿ. ಆ ಬ್ಯಾನರಿಗೆ ನಾವೇ ಹಾರ ಹಾಕುತ್ತೇವೆ.

ಮಾಲಿಕರಿಗೆ: ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕಿಡುವುದು ಅಪರಾಧ. ಹೊಟೇಲುಗಳಿಗೆ 2006ರಲ್ಲೇ ನಿಷೇಧ ಬಂತು, 2016ರಲ್ಲಿ ಬೇರೆ ಕೆಲಸಗಳಿಗೂ ಅದು ಹಬ್ಬಿತು. ಅದಕ್ಕೆ ಮೇಲ್ಪಟ್ಟ ಹುಡುಗರು ರಾತ್ರಿ ಶಾಲೆಗೆ ಹೋಗುವುದಾದರೆ ಸಂಜೆ ಆರಕ್ಕೆ ಬಿಡಿ, ಪಗಾರ ಕಡಿಯಬೇಡಿ. ನಿಮ್ಮಲ್ಲೂ ಕೆಲವರು ರಾತ್ರಿ ಶಾಲೆಯ ಬೆಂಚಿನಿಂದಲೇ ಗಲ್ಲೆಗೆ ಬಂದವರು. ಬಂದ ದಾರಿಯನ್ನು ಮುಚ್ಚಬೇಡಿ.

ನಮ್ಮ ಸಂಘಗಳ ಮುಖಂಡರಿಗೆ: ಒಂದು ವರ್ಷ ಶಾಲು, ಫಲಪುಷ್ಪ, ಬೆಳ್ಳಿ ತಟ್ಟೆಗಳನ್ನು ನಿಲ್ಲಿಸಿ. ಆ ಹಣದಲ್ಲಿ ನಮ್ಮ ಚಾಳಿನ, ವಸ್ತಿಯ ಹತ್ತನೆಯದು ಮುಗಿಸಿದ ತಂಗಿಯರಿಗೆ ಗೌರವಧನ ಕೊಟ್ಟು ಕಲಿಸಲು ನಿಲ್ಲಿಸಿ. ಸಂಘದ ಖೋಲಿ ಸಂಜೆ ಖಾಲಿಯೇ ಇರುತ್ತದೆ.

ತಂದೆ ತಾಯಂದಿರಿಗೆ: “ಎಷ್ಟು ಮಾರ್ಕು ಬಂತು?” ಎಂದು ಕೇಳುವುದನ್ನು ಬಿಡಿ. ಪಗಾರ ಚೀಟಿಯನ್ನೋ ಈ ಪತ್ರಿಕೆಯನ್ನೋ ಮಗುವಿನ ಕೈಗೆ ಕೊಟ್ಟು ಓದಿಸಿ. ನಿಮಗೆ ಓದು ಬಾರದಿದ್ದರೂ ಮಗು ತಡವರಿಸುವುದು ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಹೊಡೆಯಬೇಡಿ. ಮರುದಿನ ನಾಲ್ಕು ಜನ ಸೇರಿ ಶಾಲೆಗೆ ಹೋಗಿ, “ನಮ್ಮ ಮಗುವಿಗೆ ಓದಲು ಯಾವಾಗ ಬರುತ್ತದೆ?” ಎಂದು ಒಂದೇ ಪ್ರಶ್ನೆ ಕೇಳಿ. ಉತ್ತರ ಬರುವ ವರೆಗೆ ಬಾಗಿಲು ಬಿಟ್ಟು ಏಳಬೇಡಿ.

ಪಗಾರಕ್ಕಾಗಿ ಮಾಲಿಕರ ಎದುರು ನಿಂತ ನಾವು ಮಕ್ಕಳ ಓದಿಗಾಗಿ ಶಾಲೆಯ ಎದುರು ನಿಲ್ಲಲು ಹೆದರಬೇಕೆ?